ಹಿಂದಿನ ಬೆಂಚಿಗೆ ಕೇಳುವಂತೆ

ಮದ್ದೂರಿನ ಕೋರ್ಟಿನಲ್ಲಿ ನ್ಯಾಯಾಧೀಶರಿಗೆ ಬೆನ್ನು ಹಾಕಿ ಮಾತಾಡುತ್ತಿದ್ದ ವಕೀಲರು ಒಬ್ಬರೇ, ಬೋರಣ್ಣನವರು. ತಮ್ಮ ಮೊಕದ್ದಮೆಗೆ ಮುಂದಿನ ವಾಯಿದೆ ಸಿಕ್ಕಿದ ಕೂಡಲೇ ಹಿಂದಕ್ಕೆ ತಿರುಗಿ, ಗೋಡೆ ಬದಿಯ ಬೆಂಚಿನಲ್ಲಿ ಕೂತ ಕಕ್ಷಿದಾರರಿಗೆ ತಾರೀಕನ್ನು ಕೂಗಿ ಹೇಳುತ್ತಿದ್ದರು. ಹೊಸದಾಗಿ ಬಂದಿದ್ದ ನ್ಯಾಯಾಧೀಶರು ಒಮ್ಮೆ ತಡೆದು ಕೇಳಿದರು: "ವಕೀಲರೇ, ಇದು ಕೋರ್ಟೋ, ಸಂತೆಯೋ?"

"ಕೋರ್ಟೇ ಸ್ವಾಮಿ. ಆದ್ರೆ ಇಲ್ಲಿ ಆಡಿದ ಮಾತು ಆ ಬೆಂಚಿಗೆ ಒಂದೂ ಕೇಳ್ಸೋದಿಲ್ಲ. ನಾನು ಒಂದು ವರ್ಷ ಅಲ್ಲೇ ಕೂತು ನೋಡಿದ್ದೀನಿ."

ನ್ಯಾಯಾಧೀಶರಿಗೆ ಅರ್ಥವಾಗಲಿಲ್ಲ. ಉಳಿದ ನಮಗೆಲ್ಲ ಗೊತ್ತಿತ್ತು.

ನಾನು ಮಂಡ್ಯದ ಪತ್ರಿಕೆಯೊಂದಕ್ಕೆ ಕೋರ್ಟು ಸುದ್ದಿ ಬರೆಯುವವನು. ಬೋರಣ್ಣನವರ ಪರಿಚಯವಾದಾಗ ಅವರು ದೊಡ್ಡ ದನಿಯ, ದೊಡ್ಡ ನಗೆಯ, ಕೋಟಿನ ಗುಂಡಿ ಹಾಕಲಾಗದಷ್ಟು ಹೊಟ್ಟೆಯ ಆಸಾಮಿ. ಪಾಟಿ ಸವಾಲಿನಲ್ಲಿ ಗಟ್ಟಿಗರು. ದೌರ್ಬಲ್ಯ ಒಂದೇ, ಬೀಗರೂಟ. ಮದುವೆ ಮುಗಿದ ಮೇಲೆ ನೆಂಟರಿಗೆ ಹಾಕಿಸುವ ಬಾಡೂಟಕ್ಕೆ ಯಾರು ಕರೆದರೂ ಇಲ್ಲ ಎನ್ನುತ್ತಿರಲಿಲ್ಲ. "ಮದ್ವೆಗ್ ಓಗ್ದಿದ್ರೆ ಯಾರೂ ಕೇಳಲ್ಲ ಕಣ್ಲಾ. ಬೀಗ್ರೂಟಕ್ ಓಗ್ದಿದ್ರೆ ಸಂಬಂಧನೇ ಕಡ್ದೋಯ್ತದೆ" ಎನ್ನುತ್ತಿದ್ದರು.

ಅವರನ್ನು ಕೆಡವಿದ್ದೂ ಅದೇ. ಚಿಕ್ಕರಸಿನಕೆರೆಯ ಸಾಕಮ್ಮನ ಕಬ್ಬಿನ ಗದ್ದೆಗೆ ಹೋಗುವ ಗಾಡಿದಾರಿಗೆ ಪಕ್ಕದ ಹೊಲದವರು ಬೇಲಿ ಹಾಕಿದ್ದರು. ಕೋರ್ಟಿನಲ್ಲಿ ಆಕೆಯ ವಕೀಲರು ಬೋರಣ್ಣ. ಸಾಕ್ಷಿ ನುಡಿಸಬೇಕಾಗಿದ್ದ ದಿನ ಅವರು ಸಾಕಮ್ಮನಿಗೆ ಬರಬೇಡ ಎಂದು ಹೇಳಿ, ಒಂದು ವಾಯಿದೆ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯದಲ್ಲಿ ಮಳವಳ್ಳಿಯ ಬೀಗರೂಟಕ್ಕೆ ಹೋದರು. ವಾಯಿದೆ ಸಿಗಲಿಲ್ಲ. ಕೂಗಿದಾಗ ಯಾರೂ ಇಲ್ಲವೆಂದು ದಾವೆ ವಜಾ ಆಯಿತು. ಆ ವಾರವೇ ಅರ್ಜಿ ಹಾಕಿದ್ದರೆ ಸರಿಹೋಗುತ್ತಿತ್ತು. ನಾಚಿಕೆಗೆ ಸುಮ್ಮನಾದರು, ಆಮೇಲೆ ಸುಳ್ಳಿಗಿಳಿದರು. ಸಾಕಮ್ಮ ಬಸ್ಸಿಳಿದು ಬಂದಾಗಲೆಲ್ಲ ಇಲ್ಲದ ದಾವೆಗೆ "ವಾಯಿದೆ ಆಯ್ತು ಕಣಮ್ಮ, ಓಗ್ಬುಟ್ಟು ಬಾ" ಎಂದು ಕಳುಹಿಸುತ್ತಿದ್ದರು. ಹೀಗೆ ಎರಡು ವರ್ಷ. ಕೊನೆಗೆ ಸಾಕಮ್ಮನ ಮಗಳು ಮೊಬೈಲಿನಲ್ಲಿ ದಾವೆಯ ನಂಬರು ಹಾಕಿ ನೋಡಿದಳು. ವಕೀಲರ ಪರಿಷತ್ತಿಗೆ ದೂರು ಹೋಯಿತು.

ಈಗ ತೊಡಕು ಇದ್ದದ್ದು ಇಲ್ಲಿ. ಅಷ್ಟು ತಡವಾದ ದಾವೆಗೆ ಮತ್ತೆ ಜೀವ ಬರಬೇಕಾದರೆ ತಪ್ಪು ಸಾಕಮ್ಮನದಲ್ಲ, ವಕೀಲನದು ಎಂದು ಕೋರ್ಟಿಗೆ ಮನವರಿಕೆಯಾಗಬೇಕು. ಹಾಗೆಂದು ಬೋರಣ್ಣ ಪ್ರಮಾಣ ಮಾಡಿದರೆ ಪರಿಷತ್ತಿನ ಶಿಸ್ತು ಸಮಿತಿಯ ಮುಂದೆ ಅವರಿಗೆ ಬಾಯಿಲ್ಲ, ವಕೀಲಿಕೆಯ ಸನದು ಹೋಗುತ್ತದೆ. ಮಾಡದಿದ್ದರೆ ಆಕೆಯ ದಾರಿ ಹೋಗುತ್ತದೆ. ಸ್ನೇಹಿತರಾದ ವಕೀಲರು ಕ್ಯಾಂಟೀನಿನಲ್ಲಿ ಸುತ್ತ ಕೂತು, ಗುಮಾಸ್ತ ತಾರೀಕು ತಪ್ಪು ಬರೆದ ಎಂದುಬಿಡಿ ಎಂದು ಬುದ್ಧಿ ಹೇಳಿದರು. ನಾನು ಪಕ್ಕದ ಮೇಜಿನಲ್ಲಿದ್ದೆ.

"ಮಳವಳ್ಳೀಲಿ ಎಲೆ ಮುಂದೆ ಕೂತಿದ್ದೋನು ನಾನು ಕಣ್ರಪ್ಪ, ಗುಮಾಸ್ತ ಅಲ್ಲ" ಎಂದು ಎದ್ದುಹೋದರು. ಮಾರನೆಯ ದಿನ ಪ್ರಮಾಣಪತ್ರ ಸಲ್ಲಿಸಿದರು.

ಸಾಕಮ್ಮನ ದಾವೆ ಮರಳಿ ಜೀವ ಪಡೆದು ಬೇರೆ ವಕೀಲರ ಕೈಗೆ ಹೋಯಿತು. ಬೋರಣ್ಣನವರ ಸನದು ಒಂದು ವರ್ಷ ಅಮಾನತಾಯಿತು. ಸಮಿತಿಯವರು ಸಮರ್ಥನೆ ಏನೆಂದು ಕೇಳಿದಾಗ "ಊಟ ಚೆನ್ನಾಗಿತ್ತು ಸ್ವಾಮಿ, ಬೇರೇನಿಲ್ಲ" ಎಂದರಂತೆ. ಇದು ಅವರೇ ಹೇಳಿದ್ದು, ನಾನು ಅಲ್ಲಿರಲಿಲ್ಲ. ಸುದ್ದಿ ಬರೆಯುವ ಮುಂಚೆ ಅವರ ಮಾತೂ ಇರಲೆಂದು ಫೋನ್ ಮಾಡಿದೆ.

"ಇನ್ಷಿಯಲ್ ಸಮೇತ ಹಾಕು ಕಣ್ಲಾ. ಬೆಸಗರಹಳ್ಳೀಲಿ ಇನ್ನೊಬ್ಬ ಬೋರಣ್ಣ ಲಾಯರ್ ಅವ್ನೆ. ಪಾಪ, ಅವನ್ನ ಬೈದಾರು."

ಆ ವರ್ಷ ಮನೆಯಲ್ಲಿ ಕೂರುತ್ತಾರೆ ಎಂದುಕೊಂಡಿದ್ದೆವು. ಅವರು ಕೋಟಿಲ್ಲದೆ, ಬಿಳಿ ಅಂಗಿಯಲ್ಲಿ ದಿನಾ ಕೋರ್ಟಿಗೆ ಬಂದು ಕಕ್ಷಿದಾರರ ನಡುವೆ ಹಿಂದಿನ ಬೆಂಚಿನಲ್ಲಿ ಕೂತರು. ಅಲ್ಲಿಂದ ವಕೀಲರ ಬೆನ್ನುಗಳಷ್ಟೇ ಕಾಣುತ್ತವೆ, ಫ್ಯಾನಿನ ಸದ್ದಷ್ಟೇ ಕೇಳುತ್ತದೆ. "ಅಲ್ಲಿ ಕೂತೋರ್ಗೆ ನಾವು ಆಚೆ ಬಂದು ಯೋಳಿದ್ದೇ ದಿಟ ಕಣ್ಲಾ" ಎಂದರು ಒಂದು ದಿನ. ಸನದು ವಾಪಸು ಬಂದ ಮೇಲೆ ತಿರುಗಿ ಕೂಗುವ ಅಭ್ಯಾಸ ಶುರುವಾಯಿತು. ಹೊಸ ನ್ಯಾಯಾಧೀಶರೂ ಆಮೇಲೆ ತಡೆಯಲಿಲ್ಲ.

ಹೋದ ವರ್ಷ ಬೋರಣ್ಣನವರು ನಿದ್ದೆಯಲ್ಲೇ ತೀರಿಕೊಂಡರು. ಆ ಸುದ್ದಿಯನ್ನೂ ಇನ್ಷಿಯಲ್ ಸಮೇತ ನಾನೇ ಬರೆದೆ.

ಅವರನ್ನು ಕೊನೆಯದಾಗಿ ನೋಡಿದ್ದು ಸಾಕಮ್ಮನ ಮಗಳ ಬೀಗರೂಟದಲ್ಲಿ. ಅಷ್ಟರಲ್ಲಿ ಸಾಕಮ್ಮ ದಾವೆ ಗೆದ್ದಿದ್ದಳು. ಶಾಮಿಯಾನ ಹಾಕಿದ್ದು ಆ ಗಾಡಿದಾರಿಯ ಪಕ್ಕದಲ್ಲೇ. ಕರೆದದ್ದು ಮಧ್ಯಾಹ್ನಕ್ಕೆ. ಬೋರಣ್ಣನವರು ಕೋರ್ಟು ಮುಗಿಯುವ ತನಕ ಕದಲಲಿಲ್ಲ. ಅವರ ಸ್ಕೂಟರಿನ ಹಿಂದೆ ಕೂತು ನಾನು ಹೋದಾಗ ಊಟ ಮುಗಿದು ಮನೆಯವರು ಪಾತ್ರೆ ತೊಳೆಯುತ್ತಿದ್ದರು. ಸಾಕಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು.

"ಈಗ ಬಂದ್ಯಾ ಲಾಯರಪ್ಪ? ಎಲ್ಲಿದ್ದೆ?"

"ಕೋರ್ಟಲ್ಲಿ ಕಣಮ್ಮ. ಒಂದ್ ಕೇಸಿತ್ತು."

"ಏನಾಯ್ತು?"

"ವಾಯಿದೆ ಆಯ್ತು."

ಪಾತ್ರೆ ತೊಳೆಯುತ್ತಿದ್ದವರ ಕೈ ನಿಂತಿತು. ಸಾಕಮ್ಮ ಸೊಂಟದ ಮೇಲೆ ಕೈಯಿಟ್ಟು ಅವರನ್ನು ಬಿಟ್ಟು ನನ್ನ ಕಡೆ ನೋಡಿದಳು. "ಪೇಪರಿನವ್ರೇ, ದಿಟವಾ?"

"ದಿಟ ಕಣಮ್ಮ. ನಾನೂ ಅಲ್ಲೇ ಇದ್ದೆ."

ಮೊದಲು ನಕ್ಕವರು ಬೋರಣ್ಣನವರೇ, ಶಾಮಿಯಾನದ ಆಚೆಗೂ ಕೇಳುವಂತೆ. ಸಾಕಮ್ಮ ನಗು ತಡೆದುಕೊಂಡು ಒಳಗೆ ಹೋಗಿ, ಮುಚ್ಚಿಟ್ಟಿದ್ದ ಪಾತ್ರೆ ಹಿಡಿದು ಬಂದಳು.

"ಕೂತ್ಕೊ ಅತ್ಲಾಗೆ. ನಿಂದು ತೆಗ್ದಿಟ್ಟಿವ್ನಿ."