ಎರಡು ಕೆಜಿಯ ಕಲ್ಲು

ಪೇಟೆಯವರು ಅವಳನ್ನು ತಕ್ಕಡಿಯಮ್ಮ ಎನ್ನುತ್ತಿದ್ದರು. ಗಂಡ ತಕ್ಕಡಿ ರಿಪೇರಿ ಮಾಡುವವನು. ಮೂವತ್ತೊಂದು ವರ್ಷ ಅವಳು ಅವನ ಪಕ್ಕದಲ್ಲಿ ಕೂತು ತೂಕದ ಕಲ್ಲುಗಳನ್ನು ಒರೆಸಿ ಕೈಗೆ ಕೊಟ್ಟಿದ್ದಳು, ಕೆಲಸ ಮುಗಿದ ಮೇಲೆ ಮತ್ತೆ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಕೊನೆಕೊನೆಗೆ ಕಲ್ಲಿನ ಮೇಲಿನ ಅಂಕಿ ನೋಡುವ ಅಗತ್ಯವೇ ಬೀಳುತ್ತಿರಲಿಲ್ಲ. ಅಂಗೈಗೆ ಬಂದರೆ ಸಾಕು, ಇದು ಅರ್ಧ ಕೆಜಿ, ಇದು ಇನ್ನೂರು ಗ್ರಾಂ, ಇದು ಸವೆದುಹೋದ ಇನ್ನೂರು ಗ್ರಾಂ ಎಂದು ಹೇಳುತ್ತಿದ್ದಳು. "ನಿನ್ನ ಕೈಗೇ ಸರ್ಕಾರದವರು ಮುದ್ರೆ ಹೊಡೀಬೇಕು ಕಣೇ" ಎಂದು ಗಂಡ ನಗುತ್ತಿದ್ದ.

ಅವನು ಸತ್ತ ಐದು ತಿಂಗಳಿಗೆ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣುಮಗು. ಒಂದೂವರೆ ಕೆಜಿ. ಅಳಿಯ ಫೋನಿನಲ್ಲಿ ಸುದ್ದಿ ಹೇಳಿದಾಗ ತಕ್ಕಡಿಯಮ್ಮ ಅಂಗಡಿಯ ಒಳಕೋಣೆಯ ಕಡೆ ತಿರುಗಿ "ರೀ" ಎಂದಳು. ಆಮೇಲೆ ನೆನಪಾಗಿ ಬಾಯಿ ಮುಚ್ಚಿಕೊಂಡಳು.

ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಎರಡು ಕೆಜಿ ಆಗುವವರೆಗೂ ಮನೆಗೆ ಕಳಿಸುವುದಿಲ್ಲ ಎಂದರು ಡಾಕ್ಟರಮ್ಮ. ಅದಕ್ಕಿಂತ ಕಡಿಮೆಯಿದ್ದರೆ ಮೈ ತನ್ನ ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುವುದಿಲ್ಲವಂತೆ, ಉಸಿರೂ ನಂಬಿಕೆಯದಲ್ಲವಂತೆ. ಅಂದಿನಿಂದ ಆ ಮನೆಯವರಿಗೆ ಬೇರೆ ಮಾತೇ ಇಲ್ಲ. ಮಗಳು ಬೆಳಿಗ್ಗೆ ಎದ್ದರೆ ತೂಕ, ರಾತ್ರಿ ಮಲಗಿದರೆ ತೂಕ. ಇಪ್ಪತ್ತು ಗ್ರಾಂ ಏರಿದರೆ ನಗುತ್ತಿದ್ದಳು, ಹತ್ತು ಇಳಿದರೆ ಊಟದ ಡಬ್ಬಿ ಮುಚ್ಚಿದ ಹಾಗೇ ವಾಪಸ್ಸು ಬರುತ್ತಿತ್ತು.

ತಕ್ಕಡಿಯಮ್ಮ ದಿನಾ ಎಂಟು ಗಂಟೆಗೆ ಡಬ್ಬಿ, ಫ್ಲಾಸ್ಕು ಹಿಡಿದು ಹೋಗುತ್ತಿದ್ದಳು. ಗಾಜಿನಾಚೆ ಮಗು ಮುದುಡಿಕೊಂಡು ಮಲಗಿರುತ್ತಿತ್ತು. ಮುಟ್ಟಲು ತಾಯಿಗೊಬ್ಬಳಿಗೇ ಅಪ್ಪಣೆ. ಹಣೆ ಮಾತ್ರ ತಾತನದು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಮಗಳು ಅತ್ತಾಳು, ಹಾಲು ನಿಂತೀತು ಎಂದು ಸುಮ್ಮನಿದ್ದಳು.

ಇಪ್ಪತ್ತಾರನೆಯ ದಿನ ಹೋದಾಗ ಮಗಳು ಬಾಗಿಲಲ್ಲೇ ನಿಂತಿದ್ದಳು.

"ಅಮ್ಮಾ, ಎರಡು ಸಾವಿರದ ಇಪ್ಪತ್ತು. ನಾಳೆ ಮನೆಗೆ."

"ನಿನ್ನೆ ಎಷ್ಟಿತ್ತು?"

"ಸಾವಿರದ ಒಂಬೈನೂರ ತೊಂಬತ್ತೈದು. ಹೋದ ವಾರ ಒಂದೇ ದಿನ ನೂರೈವತ್ತು ಏರಲಿಲ್ವಾ, ಅವತ್ತೇ ಅಂದ್ಕೊಂಡೆ ನಾನು, ನಮ್ಮ ಹುಡುಗಿ ಗಟ್ಟಿ ಅಂತ. ಬಾ, ಇವತ್ತು ನಿನಗೂ ಎತ್ಕೊಳ್ಳೋಕೆ ಬಿಡ್ತಾರೆ."

ಕೈ ತೊಳೆಸಿ, ಮೇಲೊಂದು ಬಿಳಿ ನಿಲುವಂಗಿ ಹಾಕಿಸಿ, ಕುರ್ಚಿಯಲ್ಲಿ ಕೂರಿಸಿದರು. ಆ ವಾರ್ಡಿನ ದೊಡ್ಡ ನರ್ಸಮ್ಮ ಮಾತಿಗೊಮ್ಮೆ ಗಡಿಯಾರ ನೋಡುವವಳು. ಎಲ್ಲರೂ ಅವಳನ್ನು ಗಡಿಯಾರದ ಸಿಸ್ಟರ್ ಎನ್ನುತ್ತಿದ್ದರು. ಅವಳೇ ಮಗುವನ್ನು ತಂದು ಅಜ್ಜಿಯ ಕೈಗಿಟ್ಟಳು. "ಐದೇ ನಿಮಿಷ ಅಜ್ಜಿ. ಮುದ್ದು ಮಾಡೋಕೆ ಮನೆಗೆ ಹೋದಮೇಲೆ ಆಯುಷ್ಯವೆಲ್ಲ ಇದೆ."

ಮಗು ಬೆಚ್ಚಗಿತ್ತು. ಬಾಯಿ ಒಮ್ಮೆ ಚಪ್ಪರಿಸಿ ಸುಮ್ಮನಾಯಿತು. ಇಪ್ಪತ್ತಾರು ದಿನ ಕಾದ ಅಜ್ಜಿಗೆ ಅಳು ಬರಬೇಕಿತ್ತು. ಬರಲಿಲ್ಲ. ಅಂಗೈ ಬೇರೇನೋ ಹೇಳುತ್ತಿತ್ತು. ಅವಳು ಮಗುವನ್ನು ಎಡಗೈಗೆ ಬದಲಾಯಿಸಿದಳು. ಮತ್ತೆ ಬಲಗೈಗೆ ತಂದಳು. ಇದು ಎರಡು ಕೆಜಿ ಅಲ್ಲ.

"ಯಾಕಮ್ಮ, ಮುಖ ಹಾಗೆ ಮಾಡಿದೆ?" ಎಂದಳು ಮಗಳು.

"ಏನಿಲ್ಲ. ಮನೇಲಿ ಒಲೆ ಆರಿಸಿದ್ನೋ ಇಲ್ವೋ. ನೋಡ್ಕೊಂಡು ಬರ್ತೀನಿ."

ಅಂಗಡಿಗೆ ಹತ್ತು ನಿಮಿಷದ ದಾರಿ. ಅವಳು ಬೇಗ ನಡೆಯಲಿಲ್ಲ. ತನ್ನ ಕೈ ತಪ್ಪಿರಬಹುದು, ಮುದುಕಿಯಾದೆ, ಆರು ತಿಂಗಳಿಂದ ಕಲ್ಲು ಮುಟ್ಟಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಬಾಯಿ ಮುಚ್ಚಿಕೊಂಡಿದ್ದರೆ ನಾಳೆ ಮಗು ಮನೆಯಲ್ಲಿರುತ್ತದೆ. ಮಗಳ ಮುಖದಲ್ಲಿ ಅಪ್ಪ ಹೋದಮೇಲೆ ಮೊದಲ ಸಲ ಕಳೆ ಬಂದಿದೆ. ಬಾಯಿ ಬಿಟ್ಟರೆ ಅದನ್ನು ತಾನೇ ಕೈಯಾರೆ ಒರೆಸಿ ಹಾಕಿದ ಹಾಗೆ.

ಬೀಗ ತೆಗೆದಳು. ಒಳಗೆ ಎಣ್ಣೆ, ತುಕ್ಕು, ಹಿತ್ತಾಳೆಯ ವಾಸನೆ. ಗೋಡೆಯ ಪಕ್ಕ ಮೂಟೆ ತೂಗುವ ದೊಡ್ಡ ತಕ್ಕಡಿ. ತಿಂಗಳ ಮೊದಲ ದಿನ ಗಂಡ ಅದರ ಹಲಗೆಯ ಮೇಲೆ ಹತ್ತಿ ನಿಲ್ಲುತ್ತಿದ್ದ. "ನಾನೇ ಅರವತ್ತೆರಡು ಕೆಜಿ ಕಲ್ಲು. ಸವೆಯೋದಿಲ್ಲ" ಎನ್ನುತ್ತಿದ್ದ. ಕಂಬಿಯ ಮೇಲಿನ ಗುಂಡನ್ನು ಸರಿಸಿ ಅಂಕಿ ಓದುವುದು ಅವಳ ಕೆಲಸ.

ಹೋದ ವರ್ಷ ಒಂದು ತಿಂಗಳು ಕಂಬಿ ಅರವತ್ತೆರಡಕ್ಕೆ ನಿಲ್ಲಲಿಲ್ಲ. ತಕ್ಕಡಿ ಕೆಟ್ಟಿದೆ ಎಂದು ಅವನು ಅರ್ಧ ದಿನ ಕೂತು ಬಿಚ್ಚಿ, ಎಣ್ಣೆ ಹಾಕಿ, ಜೋಡಿಸಿದ. ಮನುಷ್ಯ ಕೆಟ್ಟಿರಬಹುದು ಎಂದು ಅವನ ತಲೆಗೆ ಹೊಳೆಯಲಿಲ್ಲ. ಅವಳಿಗೆ ಹೊಳೆದಿತ್ತು. ಬೆಲ್ಟಿಗೆ ಎರಡು ಹೊಸ ತೂತು ಹಾಕಿಕೊಟ್ಟವಳು ಅವಳೇ. ಜೋಡಿಸಿ ಮುಗಿಸಿ ಅವನು ಮತ್ತೆ ಹಲಗೆ ಹತ್ತಿದ. ಆಗ ಅವನ ಮುಖದಲ್ಲಿ ಹೆದರಿಕೆ ಕಂಡಿತು. ಮೂವತ್ತೊಂದು ವರ್ಷದಲ್ಲಿ ಅವಳು ನೋಡಿರದ ಹೆದರಿಕೆ. ಅವಳು ಹಿಂದಿನಿಂದ ಹಲಗೆಯ ಅಂಚಿಗೆ ಕಾಲಿನ ಹೆಬ್ಬೆರಳಿಟ್ಟು ಒತ್ತಿದಳು. ಕಂಬಿ ಅರವತ್ತೆರಡಕ್ಕೆ ನೆಟ್ಟಗೆ ನಿಂತಿತು.

"ನೋಡಿದ್ಯಾ, ನನಗೇನೂ ಆಗಿಲ್ಲ" ಎಂದ. ಆ ದಿನ ಹೊಟ್ಟೆ ತುಂಬ ಉಂಡ. ಡಾಕ್ಟರ ಹತ್ತಿರ ಹೋಗೋಣವೆಂದು ಅವಳು ಎಷ್ಟು ಹೇಳಿದರೂ "ತಕ್ಕಡಿಯೇ ಹೇಳಿದೆಯಲ್ಲ" ಎಂದು ಎರಡು ತಿಂಗಳು ತಳ್ಳಿದ. ಆಮೇಲೆ ಹೋದಾಗ ಡಾಕ್ಟರು ಪರೀಕ್ಷೆಯ ಚೀಟಿ ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು.

ಹಾಸಿಗೆ ಹಿಡಿದಮೇಲೆ ಒಂದು ಸಂಜೆ ಅವನು ಕೇಳಿದ್ದ. "ಅವತ್ತು ತಕ್ಕಡಿ ಸರಿಯಾಗಿತ್ತೇನೇ?"

"ಸರಿಯಾಗಿತ್ತು" ಎಂದಿದ್ದಳು.

ಪೆಟ್ಟಿಗೆಯಿಂದ ಸರ್ಕಾರದ ಮುದ್ರೆಯಿದ್ದ ಹಿತ್ತಾಳೆ ಕಲ್ಲು ತೆಗೆದಳು. ಎರಡು ಕೆಜಿಯದು. ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.

ಗಡಿಯಾರದ ಸಿಸ್ಟರ್ ಮೊದಲು ನಕ್ಕಳು. "ಅಜ್ಜಿ, ಇದು ಆಸ್ಪತ್ರೆ, ಪೇಟೆಯಲ್ಲ. ಮಗು ಏನು ಈರುಳ್ಳೀನಾ, ಕಲ್ಲಿಟ್ಟು ತೂಗೋಕೆ?"

"ಮಗೂನ ತೂಗ್ಬೇಡಿ ಸಿಸ್ಟರ್. ನಿಮ್ಮ ತಕ್ಕಡೀನ ತೂಗಿ."

"ಮಿಷಿನ್ ಸರಿಯಿದೆ. ದಿನಾ ಸೊನ್ನೆ ನೋಡಿಯೇ ಇಡ್ತೀವಿ."

"ಸೊನ್ನೆ ಕೆಟ್ಟ ತಕ್ಕಡಿಯೂ ತೋರಿಸುತ್ತೆ. ಕಲ್ಲು ಇಟ್ಟಾಗ ಏನು ಹೇಳುತ್ತೆ ನೋಡ್ಬೇಕು. ಇಲ್ಲಿಟ್ಟು ನೋಡೋಕೆ ಐದು ನಿಮಿಷ. ತಪ್ಪಾದ್ರೆ ನಾಳೆಯಿಂದ ನಿಮ್ಮ ವಾರ್ಡಿನ ಕಡೆ ತಲೆ ಹಾಕೋದಿಲ್ಲ."

ಮಗಳು ಅಷ್ಟರಲ್ಲಿ ಬಂದಳು. ಚೀಲ ನೋಡಿದಳು, ಕಲ್ಲು ನೋಡಿದಳು. ಅವಳಿಗೆ ಅರ್ಥವಾಯಿತು. ಅವಳೂ ಅದೇ ಅಂಗಡಿಯಲ್ಲಿ ಬೆಳೆದವಳು. "ಅಮ್ಮಾ, ಬೇಡ" ಎಂದಳು. "ಎಲ್ಲ ಸರಿಯಿದೆ ಅಂತ ಡಾಕ್ಟರೇ ಹೇಳಿದಾರೆ. ನಿನ್ನ ಕೈಕಾಲು ಹಿಡ್ಕೋತೀನಿ, ಬೇಡ."

ಸಿಸ್ಟರ್ ಗಡಿಯಾರ ನೋಡಿದಳು. ಬೇಗ ಮುಗಿಯಲಿ ಎಂದು ಕಲ್ಲನ್ನು ತಟ್ಟೆಯ ಮೇಲಿಟ್ಟಳು. ಕೆಂಪು ಅಂಕಿ ಓಡಿ ನಿಂತಿತು. ಎರಡು ಸಾವಿರದ ನೂರ ಇಪ್ಪತ್ತು. ತೆಗೆದು ಮತ್ತೆ ಇಟ್ಟಳು. ಮತ್ತೆ ಅದೇ.

ಹೋದ ವಾರ ನೆಲ ತೊಳೆಯುವಾಗ ಆ ಯಂತ್ರವನ್ನು ಮೇಜಿನಿಂದ ಇಳಿಸಿ ಆಚೆ ಎಳೆದಿದ್ದರು. ಅದು ಸಿಸ್ಟರ್‌ಗೆ ಆಗ ನೆನಪಾಯಿತು. ಇನ್ನೊಂದು ನೆನಪೂ ಬಂತು. ಪಕ್ಕದ ಹಾಸಿಗೆಯವಳ ಮಗು ನಿನ್ನೆ ತಾನೇ ಮನೆಗೆ ಹೋಗಿತ್ತು. ಅವಳು ಗಡಿಯಾರ ನೋಡುವುದನ್ನು ಮರೆತು ಫೋನಿನ ಕಡೆ ಓಡಿದಳು.

ಮೇಲಿನ ಮಹಡಿಯಿಂದ ಇನ್ನೊಂದು ತೂಕದ ಯಂತ್ರ ತಂದರು. ಮಗು ಸಾವಿರದ ಒಂಬೈನೂರು. ಮತ್ತೆ ಗಾಜಿನೊಳಗೆ ಹೋಯಿತು.

ಮಗಳು ಗೋಡೆಗೆ ಒರಗಿ ಕೂತುಬಿಟ್ಟಳು. "ಖುಷಿಯಾಯ್ತಾ? ನನ್ನ ಮಗಳು ಮನೆಗೆ ಬರೋದು ನಿನಗೆ ಬೇಕಿರಲಿಲ್ವಾ? ಯಾಕೆ ಮಾಡಿದೆ?"

ತಕ್ಕಡಿಯಮ್ಮ ಅವಳ ಪಕ್ಕದಲ್ಲಿ ನೆಲಕ್ಕೆ ಕೂತಳು. ಸುತ್ತಿ ಬಳಸಿ ಹೇಳುವುದು ಅವಳಿಗೆ ಗೊತ್ತಿರಲಿಲ್ಲ. ಹೆಬ್ಬೆರಳಿಟ್ಟಿದ್ದನ್ನು ಹೇಳಿದಳು. ಎರಡು ತಿಂಗಳು ಹೋದದ್ದನ್ನು ಹೇಳಿದಳು.

ಮಗಳು ಕೊನೆಗೆ, "ಅಪ್ಪನಿಗೆ ಗೊತ್ತಾಯ್ತಾ?" ಎಂದಳು.

"ಕೇಳಿದ್ರು. ಸರಿಯಾಗಿತ್ತು ಅಂದೆ."

ಮಗಳು ಎದ್ದು ಗಾಜಿನ ಹತ್ತಿರ ಹೋದಳು. ಹಿಂದೆ ತಿರುಗಲಿಲ್ಲ.

ಆಮೇಲೆ ಐದು ದಿನ ಅವಳು ತಾಯಿಯ ಜೊತೆ ಮಾತಾಡಲಿಲ್ಲ. ಡಬ್ಬಿ ತೆಗೆದುಕೊಳ್ಳುತ್ತಿದ್ದಳು, ಖಾಲಿ ಡಬ್ಬಿ ಕೊಡುತ್ತಿದ್ದಳು. "ಸ್ವಲ್ಪ ದಿನ ಬಿಡಿ ಅತ್ತೆ" ಎಂದ ಅಳಿಯ. ತಾಯಿಮಗಳ ನಡುವೆ ಏನಾಗಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಪಕ್ಕದ ಹಾಸಿಗೆಯವಳ ಮಗುವನ್ನು ಕರೆಸಿ ಮತ್ತೆ ಪೆಟ್ಟಿಗೆಯಲ್ಲಿಟ್ಟಿದ್ದರು. ಆ ಐದು ದಿನದಲ್ಲಿ ಎರಡು ಮಕ್ಕಳಿಗೂ ಏನೂ ಆಗಲಿಲ್ಲ. ಮನೆಯಲ್ಲಿದ್ದಿದ್ದರೂ ಏನೂ ಆಗುತ್ತಿರಲಿಲ್ಲವೋ ಏನೋ. ಅದು ಯಾರಿಗೂ ಗೊತ್ತಾಗುವ ಹಾಗಿಲ್ಲ. ಗಂಡನನ್ನು ಎರಡು ತಿಂಗಳು ಮೊದಲೇ ಕರೆದುಕೊಂಡು ಹೋಗಿದ್ದರೆ ಏನಾಗುತ್ತಿತ್ತು ಎನ್ನುವುದೂ ಹಾಗೆಯೇ. ಅದನ್ನು ತೂಗುವ ತಕ್ಕಡಿ ಅವನ ಅಂಗಡಿಯಲ್ಲೂ ಇರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಸಿಸ್ಟರ್ ತಾನಾಗಿಯೇ ಕೈ ಚಾಚಿದಳು. "ಕಲ್ಲು ತಂದಿದ್ದೀರಾ ಅಜ್ಜಿ?"

ಕಲ್ಲು ಎರಡು ಸಾವಿರ ತೋರಿಸಿತು. ಮಗು ಎರಡು ಸಾವಿರದ ಹದಿನೈದು.

ಮಗಳು ಬಟ್ಟೆಬರೆ ಕಟ್ಟಿಕೊಂಡಳು. ಕೈ ಖಾಲಿಯಿರಲಿಲ್ಲವೆಂದು ಮಗುವನ್ನು ತಾಯಿಯ ಕೈಗಿಟ್ಟಳು. ತಕ್ಕಡಿಯಮ್ಮ ಮೆಟ್ಟಿಲು ಇಳಿಯುವಾಗ ಒಂದೊಂದೇ ಹೆಜ್ಜೆ ನೋಡಿ ಇಟ್ಟಳು. ಮಗುವಿನ ಹಣೆ ನೋಡಲಿಲ್ಲ. ಗೇಟಿನ ಬಳಿ ಅಳಿಯ ಬಾಡಿಗೆ ಕಾರು ನಿಲ್ಲಿಸಿಕೊಂಡಿದ್ದ. ಮಗಳು ಹಿಂದಿನ ಸೀಟಿನಲ್ಲಿ ಕೂತು ಮಗುವನ್ನು ತೆಗೆದುಕೊಂಡಳು. ತಕ್ಕಡಿಯಮ್ಮ ಕಲ್ಲಿನ ಚೀಲ ಹಿಡಿದು ಬಾಗಿಲ ಹೊರಗೆ ನಿಂತಳು. ಹತ್ತಲೋ ಬೇಡವೋ ತಿಳಿಯಲಿಲ್ಲ.

ಮಗಳು ಮಗುವಿನ ಕಡೆಗೇ ನೋಡುತ್ತಾ ಕೇಳಿದಳು. "ಅವತ್ತು ಅಪ್ಪ ಎಷ್ಟಿದ್ರು? ನಿಜವಾಗ್ಲೂ."

ಐದು ದಿನದಲ್ಲಿ ಅವಳಾಡಿದ ಮೊದಲ ಮಾತು. ತಕ್ಕಡಿಯಮ್ಮನಿಗೆ ಲೆಕ್ಕ ಹಾಕಬೇಕಾಗಿರಲಿಲ್ಲ. ಆ ಅಂಕಿ ಹೆಬ್ಬೆರಳಿನಲ್ಲೇ ಇತ್ತು.

"ಐವತ್ತೇಳೂವರೆ."

ಮಗಳು ತಲೆಯಾಡಿಸಿದಳು. ಕಣ್ಣು ಒರೆಸಿಕೊಂಡಳು. ಮಗುವನ್ನು ಎದೆಗೆ ಒತ್ತಿಕೊಂಡು ಆಚೆಗೆ ಸ್ವಲ್ಪ ಸರಿದಳು, ಒಬ್ಬರು ಕೂರುವಷ್ಟು.