ಕಾಗೆಗೆ ಕಾಣದ ಹಾಗೆ

ಅವರು ಹಾಸನದಲ್ಲಿ ನನ್ನ ಜೊತೆ ವಿಜ್ಞಾನ ಪಾಠ ಹೇಳುತ್ತಿದ್ದ ಮೇಷ್ಟ್ರು. ಐವತ್ತರ ದಶಕದ ಕೊನೆಯ ಬೇಸಿಗೆಗಳಲ್ಲಿ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳ ಗೂಡು ಎಣಿಸಲು ಚನ್ನರಾಯಪಟ್ಟಣದಾಚೆಯ ದನ ಮೇಯುವ ಕಾವಲುಗಳಿಗೆ ಹೋಗುತ್ತಿದ್ದರು. ನಾನೂ ಹಿಂದೆಯೇ. ಮೈಲಿಗಟ್ಟಲೆ ಹುಲ್ಲು, ಎಲ್ಲೂ ಜನವಿಲ್ಲ. ಕಲ್ಲಿನ ಬಣ್ಣದ ಮೊಟ್ಟೆಯನ್ನು ಎಲ್ಲಿ ತುಳಿದುಬಿಡುತ್ತೇನೋ ಎಂದು ನನಗೆ ಹೆಜ್ಜೆಹೆಜ್ಜೆಗೂ ಹೆದರಿಕೆ.

ಅವರ ಹೆದರಿಕೆಯೇ ಬೇರೆ. "ಕಾಗೆ ನೋಡ್ತಿರ್ತದೆ ಕಣ್ರೀ" ಎನ್ನುತ್ತಿದ್ದರು. ಮನುಷ್ಯ ಬಗ್ಗಿ ನೋಡಿದ ಕಡೆ ಗೂಡಿದೆಯೆಂದು ಕಾಗೆಗೆ ಗೊತ್ತು. ನಾವು ಅತ್ತ ಹೋದದ್ದೇ ತಡ, ಬಂದು ಮೊಟ್ಟೆ ಕುಕ್ಕಿ ತಿನ್ನುತ್ತದೆ. ಅದಕ್ಕೇ ಟಿಟ್ಟಿಭ ಹಕ್ಕಿಯ ಗೂಡನ್ನು ನಡೆಯುತ್ತಲೇ ಓರೆಗಣ್ಣಲ್ಲಿ ನೋಡಿ ಮುಂದೆ ಹೋಗಿ, ಎಲ್ಲೋ ಬರೀ ನೆಲದ ಮುಂದೆ ಬಹಳ ಹೊತ್ತು ಕುಕ್ಕರುಗಾಲಲ್ಲಿ ಕೂರುತ್ತಿದ್ದರು.

ಒಮ್ಮೆ ದನ ಕಾಯುವವನೊಬ್ಬ ಇಣುಕಿ, "ಇಲ್ಲೇನೂ ಇಲ್ವಲ್ಲ ಸಾ, ಯಾಕೆ ಕುಂತ್ಕಂಡಿದ್ದೀರಿ?" ಎಂದ.

"ಮೆತ್ತಗಪ್ಪಾ, ಕಾಗೆ ನೋಡ್ತಿರ್ತದೆ" ಎಂದರು. ನನಗೆ ನಗು ಬಂತು, ನಗುವ ಧೈರ್ಯವಾಗಲಿಲ್ಲ.

ಮರುವರ್ಷ ಅವರ ಹೆಂಡತಿಯನ್ನು ಹೆರಿಗೆಗೆ ಆಸ್ಪತ್ರೆಗೆ ಸೇರಿಸಿದರು. ಹಿಂದಿನ ಎರಡು ಕೂಸುಗಳು ಉಳಿದಿರಲಿಲ್ಲ. ನಾನು ಹೋದಾಗ ಹೆರಿಗೆ ಕೋಣೆಯ ಹತ್ತಿರ ಮೇಷ್ಟ್ರು ಕಾಣಲಿಲ್ಲ. ಹುಡುಕಿದರೆ, ಹಜಾರದ ಇನ್ನೊಂದು ತುದಿಯಲ್ಲಿ, ಬೀಗ ಹಾಕಿದ ಉಗ್ರಾಣದ ಮುಂದೆ ಕುಕ್ಕರುಗಾಲಲ್ಲಿ ಕೂತು ಆ ಬಾಗಿಲನ್ನೇ ದಿಟ್ಟಿಸುತ್ತಿದ್ದರು.

"ಇಲ್ಯಾಕೆ ಕೂತಿದ್ದೀರಿ ಮೇಷ್ಟ್ರೇ? ಅವರಿರೋದು ಆ ಕಡೆ" ಎಂದು ಹೆರಿಗೆ ಕೋಣೆಯತ್ತ ಕೈ ತೋರಿಸಿದೆ.

ಅವರು ತಟ್ಟನೆ ನನ್ನ ಕೈ ಹಿಡಿದು ಕೆಳಗಿಳಿಸಿದರು.