ಬೈರಮ್ಮ ನಗದ ಫೋಟೊ

ಯುದ್ಧ ಮುಗಿದು ಬಿಳಿಯ ಗೋರಾ ಸೋಲ್ಜರುಗಳು ತಮ್ಮ ದೇಶಕ್ಕೆ ಮರಳಿದ ಮೇಲೆ ಜಿಯಾವುಲ್ಲಾರ ಸ್ಟುಡಿಯೊಗೆ ಗಿರಾಕಿಗಳೇ ಇಲ್ಲವಾದರು. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಸಂದಿಯಲ್ಲಿ ಇಪ್ಪತ್ತು ವರ್ಷ ಕುರ್ಚಿ ಹಾಕಿ ಫೋಟೊ ತೆಗೆದವರು, ಐವತ್ತೆಂಟನೆಯ ವಯಸ್ಸಿನಲ್ಲಿ ಮರದ ಕ್ಯಾಮೆರಾ, ಸ್ಟ್ಯಾಂಡು, ಗಾಜಿನ ಪ್ಲೇಟುಗಳನ್ನು ಹೊತ್ತು ಬೀದಿಗಿಳಿದರು. ದಂಡು ಪ್ರದೇಶದ ಮುನಿಸಿಪಾಲಿಟಿ ಚುನಾವಣೆಗೆ ನಿಂತಿದ್ದ ಮರದ ವ್ಯಾಪಾರಿ ಸಂಜೀವಪ್ಪನವರು ಕರಪತ್ರಕ್ಕೆ ಫೋಟೊ ಬೇಕೆಂದು ಕರೆಸಿದ್ದರು.

ಮೂರು ದಿನ ನಡೆದದ್ದೇ ನಡೆದದ್ದು. ತೆರಿಗೆ ಕಟ್ಟುವ, ಓಟು ಇರುವ ಮನೆಗಳೊಳಗೆ ಸಂಜೀವಪ್ಪ ಕಾಫಿ ಕುಡಿಯುತ್ತಿದ್ದರೆ, ಜಿಯಾವುಲ್ಲಾ ಹೊರಗೆ ಬಿಸಿಲಲ್ಲಿ ನಿಂತು ಮಂಡಿ ನೀವಿಕೊಳ್ಳುತ್ತಿದ್ದರು. ಫೋಟೊಗೆ ಮಾತ್ರ ಬಡವರು ಬೇಕಿತ್ತು. ಅವರಿಗೆ ಓಟಿರಲಿಲ್ಲ. ಜಿಯಾವುಲ್ಲಾರಿಗೂ ಇರಲಿಲ್ಲ.

ಮೂರನೆಯ ದಿನ ಹಲಸೂರಿನ ಗಲ್ಲಿಯೊಂದರ ನಲ್ಲಿಯ ಹತ್ತಿರ, ಖಾಲಿ ಬಿಂದಿಗೆ ಹಿಡಿದು ನಿಂತಿದ್ದ ಸೊಪ್ಪು ಮಾರುವ ಬೈರಮ್ಮನನ್ನು ಸಂಜೀವಪ್ಪ ಪಕ್ಕಕ್ಕೆ ನಿಲ್ಲಿಸಿಕೊಂಡರು.

"ಸ್ವಲ್ಪ ನಗಮ್ಮ."

"ಯಾಕ್ ನಗ್ಲಿ ಸ್ವಾಮಿ? ನಲ್ಲೀಲಿ ನೀರು ಬಂದು ನಾಕ್ ದಿನ ಆಯ್ತು."

"ಗೆದ್ಮೇಲೆ ಬರುತ್ತೆ. ಸಾಹೇಬ್ರೆ, ತೆಗೀರಿ."

ಜಿಯಾವುಲ್ಲಾ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದರು. ಅಲ್ಲಿ ಒಂದಿಷ್ಟು ನೆರಳಿತ್ತು. ಹೊರಗೆ ಬರುವುದೇ ಬೇಡವೆನ್ನಿಸಿತು. "ಮೂರು ಎಣಿಸೋವರ್ಗೂ ಅಲ್ಲಾಡ್ಬೇಡಿ" ಎಂದರು. ಬೈರಮ್ಮ ಅಲ್ಲಾಡಲಿಲ್ಲ. ಅದೇ ಹೊತ್ತಿಗೆ ಜಟಕಾದಲ್ಲಿ ಯಾರೋ ಪರಿಚಿತರು ಹಾದುಹೋದರು, ಸಂಜೀವಪ್ಪ ಅತ್ತ ತಿರುಗಿ ಕೈಮುಗಿದರು.

ಮರುದಿನ ಪ್ರಿಂಟು ನೋಡಿ ಸಂಜೀವಪ್ಪ ಕೆಂಡವಾದರು. ಬೈರಮ್ಮನ ಹಣೆಯ ಗೆರೆಯೂ ಸ್ಪಷ್ಟ; ಪಕ್ಕದಲ್ಲಿ ಮಸಿ ಒರೆಸಿದಂಥ ಒಂದು ಕಲೆ.

"ನನ್ ಮುಖ ಎಲ್ರೀ?"

"ನೀವು ತಿರುಗಿಬಿಟ್ರಿ."

"ಇವತ್ತೇ ಹೋಗಿ ಇನ್ನೊಂದ್ಸಲ ತೆಗಿಯೋಣ. ಆ ಮುದುಕೀನ ನಗ್ಸೋದು ನಿಮ್ ಕೆಲ್ಸ."

ಜಿಯಾವುಲ್ಲಾ ಸ್ಟ್ಯಾಂಡು ಮಡಿಚಿದರು. "ನನ್ ಕೈಲಾಗಲ್ಲ. ಬೇರೆಯವ್ರನ್ನ ನೋಡ್ಕೊಳ್ಳಿ" ಎಂದರು. ಸಂಜೀವಪ್ಪ ಬೇರೆಯವರನ್ನೇ ಕರೆಸಿದರು, ಗೆದ್ದರು ಕೂಡ.

ಬೇಡವಾದ ಆ ಪ್ರಿಂಟನ್ನು ಜಿಯಾವುಲ್ಲಾರಿಗೆ ಎಸೆಯಲಾಗಲಿಲ್ಲ. ಒಂದು ಶುಕ್ರವಾರ ನಮಾಜು ಮುಗಿಸಿ, ಕುಂಟುತ್ತಾ ಹಲಸೂರಿಗೆ ಹೋಗಿ ಬೈರಮ್ಮನಿಗೆ ಕೊಟ್ಟರು. ಅವಳು ಎಂದೂ ತನ್ನ ಫೋಟೊ ನೋಡಿದವಳಲ್ಲ. ಬಹಳ ಹೊತ್ತು ಹಿಡಿದುಕೊಂಡೇ ಇದ್ದಳು.

"ಇಷ್ಟೊಂದ್ ವಯಸ್ಸಾಗೋಯ್ತಾ ನಂಗೆ?"

"ದಣಿವು ಅಷ್ಟೇ ಅಮ್ಮ," ಎಂದರು ಜಿಯಾವುಲ್ಲಾ.

ಅವಳು ಅವರ ಕಾಲಿನ ಕಡೆ ನೋಡಿ, ತನ್ನ ಮನೆಯ ಜಗಲಿಯ ಮೇಲಿದ್ದ ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಅವರು ಕುಳಿತರು.